ಡೆನ್ಮಾರ್ಕಿನವನು ಬರೆಯದ ಮಾತು

ನನ್ನ ಡೆನ್ಮಾರ್ಕಿನ ನಾಟಕಕಾರ ಸತ್ತದ್ದು ಬೇಕರಿಯೊಂದರ ಮೇಲಿನ ಬಾಡಿಗೆ ಕೋಣೆಯಲ್ಲಿ. ಹಾಗೆಂದು ಸಾಗರದ ಕಾಲೇಜಿನಲ್ಲಿ ನಿವೃತ್ತನಾಗುವವರೆಗೂ ಪಾಠ ಮಾಡಿದ್ದೇನೆ. ಕೆಳಗಿನ ಒಲೆಯ ಶಾಖಕ್ಕೆ ಅವನ ಕೋಣೆಯ ಗೋಡೆ ಬೆಚ್ಚಗಿರುತ್ತಿತ್ತು, ಆ ಗೋಡೆಗೆ ಬೆನ್ನು ಕೊಟ್ಟು ಅವನು ಯಾರೂ ಆಡದ ನಾಟಕಗಳನ್ನು ಬರೆಯುತ್ತಿದ್ದ ಎಂದೂ ಹೇಳುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಕಳೆದ ವರ್ಷ ಅವನ ಬದುಕು, ಬರವಣಿಗೆಗಳ ಬಗ್ಗೆ ಪುಟ್ಟ ಪುಸ್ತಕವೊಂದನ್ನು ಬರೆಯಲು ಕೂತಾಗ ಆ ಬೇಕರಿ ಎಲ್ಲೂ ಸಿಗಲಿಲ್ಲ. ನನ್ನಲ್ಲಿರುವ ಇಂಗ್ಲಿಷ್ ಅನುವಾದದ ಮುನ್ನುಡಿಯಲ್ಲಿ ‘ಬಾಡಿಗೆ ಕೋಣೆ’ ಎಂದಷ್ಟೇ ಇದೆ. ಬೇಕರಿಯ ಮೇಲೆ ಇದ್ದವನು ನಾನು, ಮೈಸೂರಿನಲ್ಲಿ, ಎಂ.ಎ. ಓದುವಾಗ. ನನ್ನ ಗೋಡೆಯನ್ನು ಯಾವಾಗ ಅವನಿಗೆ ಕೊಟ್ಟೆನೋ ಗೊತ್ತಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವುದರಲ್ಲಿ ಇಂಥ ಗೋಡೆಗಳು ಇನ್ನೂ ಇರಬಹುದು.

ಅವನ ಹೆಸರನ್ನು ಬರೆಯುವುದಿಲ್ಲ. ಅದನ್ನು ಹೇಗೆ ಉಚ್ಚರಿಸಬೇಕೆಂದು ನನಗೆ ಇಂದಿಗೂ ತಿಳಿಯದು. ಡೇನಿಷ್ ಬಾರದೆ, ಡೆನ್ಮಾರ್ಕನ್ನು ನೋಡದೆ, ಇಂಗ್ಲಿಷ್ ಅನುವಾದಗಳನ್ನೇ ಹಿಡಿದುಕೊಂಡು ಅವನ ಮೇಲೆ ಪಿಎಚ್.ಡಿ. ಮಾಡಿದವನು ನಾನು. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಸಣ್ಣ ಬಂದರಿನ ಸುಂಕದ ಅಧಿಕಾರಿಯ ಮಗ. ರಾಜಧಾನಿಗೆ ಧರ್ಮಶಾಸ್ತ್ರ ಓದಲು ಹೋಗಿ ಅರ್ಧಕ್ಕೆ ಬಿಟ್ಟ. ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದ. ಮೊದಲ ನಾಟಕಗಳು ಬಿದ್ದವು. ಒಂದು ನಾಟಕ ಗೆದ್ದಿತು. ಆಮೇಲೆ ಎರಡು ಸಣ್ಣ ಕಾದಂಬರಿ, ಒಂದಿಷ್ಟು ಕತೆ. ನಂತರ ಎಷ್ಟೋ ವರ್ಷ ಏನನ್ನೂ ಬರೆಯಲಿಲ್ಲ. ಯಾಕೆಂದು ಮುನ್ನುಡಿಕಾರನಿಗೂ ಗೊತ್ತಿಲ್ಲ. ಮತ್ತೆ ಬರೆಯತೊಡಗಿದಾಗ ಕಾಲ ಅವನನ್ನು ದಾಟಿ ಹೋಗಿತ್ತು. ಕೊನೆಯ ನಾಟಕಗಳನ್ನು ಯಾವ ರಂಗಮಂದಿರವೂ ಮುಟ್ಟಲಿಲ್ಲ. ಪುಸ್ತಕ ಬರೆದುಕೊಡಿ ಎಂದು ಕೇಳಿದ್ದ ಪ್ರಕಾಶಕರು ಈಗ ಫೋನು ಮಾಡುವುದನ್ನು ಬಿಟ್ಟಿದ್ದಾರೆ. ಅದರಲ್ಲಿ ಅವರ ತಪ್ಪಿಲ್ಲ. ಅವನನ್ನು ಡೆನ್ಮಾರ್ಕಿನಲ್ಲೇ ಯಾರೂ ಓದುತ್ತಿಲ್ಲವಂತೆ.

ಈ ಸಲದ ಬೇಸಿಗೆಯ ಮೊದಲಲ್ಲಿ ಹೊಸನಗರದಿಂದ ಒಂದು ಫೋನ್ ಬಂತು.

“ಸರ್, ನಿಮ್ಮ ನಾಟಕದಲ್ಲಿ ಪಾರ್ಟ್ ಮಾಡ್ತಿದ್ರಲ್ಲ, ಬಟ್ಟೆ ಅಂಗಡಿ ಸಾವ್ಕಾರ್ರು, ಅವ್ರ ಮಗಳು ನಾನು. ಅಪ್ಪಂಗೆ ಸ್ಟ್ರೋಕ್ ಆಗಿದ್ದು ಗೊತ್ತಲ್ವಾ? ಮಾತು ಹೋಗಿದೆ. ಒಂದೆರಡು ಶಬ್ದ ಬರ್ತದೆ, ಅಷ್ಟೆ. ಈಗೊಂದು ವಾರದಿಂದ ಗೋಡೆ ಮೇಲಿರೋ ನಾಟಕದ ಫೋಟೊ ತೋರ್ಸ್ತಾರೆ, ಅದ್ರಲ್ಲಿ ನಿಮ್ಮನ್ನ ತೋರ್ಸ್ತಾರೆ. ಏನೋ ಕೇಳ್ಬೇಕು ಅವ್ರಿಗೆ. ಒಂದ್ಸಲ ಬಂದು ಹೋಗ್ತೀರಾ?”

“ಫೋಟೊದಲ್ಲಿ ನಾನು ಅಂತ ಹೇಗೆ ಗೊತ್ತಾಯ್ತಮ್ಮ?”

“ಮೊದ್ಲು ಗೊತ್ತಾಗ್ಲಿಲ್ಲ ಸರ್. ತಲೇಲಿ ಅಷ್ಟೊಂದು ಕೂದ್ಲು ಇದೆ.”

ಮರುದಿನವೇ ಬಸ್ಸು ಹತ್ತಿದೆ. ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದೆ ಮಗಳು, ಅಳಿಯ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ, ಮೇಲೆ ಮನೆ. ಸಾವ್ಕಾರ್ರು ಕಿಟಕಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಬಾಯಿಯ ಬಲಗಡೆ ಸ್ವಲ್ಪ ಇಳಿದಿತ್ತು. ನನ್ನನ್ನು ನೋಡಿದವರೇ ಎಡಗೈಯಿಂದ ಫೋಟೊ ತೋರಿಸಿದರು. ಉಣ್ಣೆ ಟೊಪ್ಪಿ ಹಾಕಿಕೊಂಡು ಬೆವರುತ್ತ ನಿಂತಿರುವ ನಮ್ಮ ತಂಡ. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು, ಬಹಳ ಕಷ್ಟಪಟ್ಟು, ಒಂದು ಶಬ್ದ ಹೊರಡಿಸಿದರು.

“ಹೇಳಿದ್ನಾ?”

ಏನು, ಯಾವಾಗ, ಯಾರಿಗೆ ಎಂದು ನಾನು ಒಂದೊಂದಾಗಿ ಕೇಳಿದೆ. ಅವರು ತಲೆಯಾಡಿಸಿ ಅದನ್ನೇ ಅಂದರು. ಮಗಳು ಬೆನ್ನಿನ ಹಿಂದೆ ದಿಂಬು ಸರಿಮಾಡಿ ನನ್ನನ್ನು ಅಡಿಗೆಮನೆಗೆ ಕರೆದಳು.

“ತೀರ್ಥಹಳ್ಳಿ ನಾಟಕ ಸರ್. ಅಮ್ಮ ಅವತ್ತು ಮೂರನೇ ಸಾಲಲ್ಲಿ ಕೂತಿದ್ದು. ತವರುಮನೆ ಅಲ್ಲೇ ಹತ್ರ ಅಲ್ವಾ, ಮಾವನ ಜೊತೆ ಬಂದಿದ್ಲು. ಅಮ್ಮಂಗೆ ಕ್ಯಾನ್ಸರ್ ಅಂತ ಡಾಕ್ಟ್ರು ಅಪ್ಪಂಗೆ ಹೇಳಿ ಆಗಿತ್ತು. ಅಪ್ಪ ಅವ್ಳಿಗೆ ಹೊಟ್ಟೆ ಹುಣ್ಣು ಅಂತ ಹೇಳಿದ್ರು. ಕೊನೇವರೆಗೂ ಹಂಗೇ ಹೇಳಿದ್ರು. ಮುಂದಿನ ಬೇಸಿಗೆಗೆ ಅಮ್ಮ ಇರ್ಲಿಲ್ಲ.”

“ನನಗೆ ಗೊತ್ತೇ ಇರಲಿಲ್ಲ.”

“ಯಾರಿಗೂ ಗೊತ್ತಿರ್ಲಿಲ್ಲ. ನಾಟಕದಲ್ಲಿ ಅಪ್ಪ ಎಲ್ಲಾ ಹೇಳಿಬಿಟ್ರು ಅಂತ ಅವ್ರಿಗೆ ಒಂದು ನೆನಪು. ಅಮ್ಮ ಕೇಳಿಸ್ಕೊಂಡ್ಲು ಅಂತ. ಮೊದ್ಲೆಲ್ಲ ಹೇಳ್ತಿದ್ರು ನಂಗೆ: ‘ನಿಮ್ಮಮ್ಮಂಗೆ ನಾನು ಸುಳ್ಳು ಹೇಳಿ ಕಳಿಸ್ಲಿಲ್ಲ, ತೀರ್ಥಹಳ್ಳೀಲಿ ಹೇಳಿದೀನಿ’ ಅಂತ. ಸ್ಟ್ರೋಕ್ ಆದ್ಮೇಲೆ ಅದೇ ಅನುಮಾನ ಹತ್ತಿದೆ. ಹೇಳಿದ್ನಾ, ಹೇಳಿದ್ನಾ ಅಂತಾರೆ. ನೀವು ಅಲ್ಲೇ ಇದ್ರಲ್ಲ ಸರ್. ಹೌದು ಅಂತ ಒಂದು ಮಾತು ಹೇಳಿ.”

ಆಗಲೇ, ಅಡಿಗೆಮನೆಯಿಂದ ಹೊರಗೆ ಬಂದು, ಹೌದು ಎಂದುಬಿಡಬಹುದಿತ್ತು. ಆ ಗಳಿಗೆಯಲ್ಲಿ ನನ್ನ ನೆನಪು ಹೌದೆಂದೇ ಹೇಳುತ್ತಿತ್ತು. ಆದರೆ ನನಗೆ ಆ ಬೇಕರಿ ನೆನಪಾಯಿತು. ಸಾಯುವ ಮುಂಚೆ ಒಬ್ಬ ಮನುಷ್ಯ ತಿಳಿಯಬೇಕೆಂದಿರುವ ಒಂದೇ ಸಂಗತಿಯನ್ನು ನನ್ನ ಮೈಸೂರಿನ ಗೋಡೆಗೆ ಒರಗಿಸುವುದು ಸರಿಯಲ್ಲ ಅನ್ನಿಸಿತು. “ಸಾವ್ಕಾರ್ರೆ, ವಿಚಾರಿಸ್ಕೊಂಡು ಬಂದು ಹೇಳ್ತೀನಿ” ಅಂದೆ. ಯುನಿವರ್ಸಿಟಿ ನನಗೆ ಕಲಿಸಿದ್ದೇ ಅದು, ಹೇಳುವ ಮುಂಚೆ ವಿಚಾರಿಸುವುದು. ಅವರು ನನ್ನನ್ನೇ ನೋಡಿದರು. ಪ್ರತ್ಯಕ್ಷ ಸಾಕ್ಷಿಯೊಬ್ಬ ವಿಚಾರಿಸಿಕೊಂಡು ಬರುತ್ತೇನೆ ಎಂದರೆ ಇನ್ನೇನು ನೋಡಿಯಾರು?

ನಾಟಕದ ಸಂಗತಿ ಹೀಗೆ. ಸುಮಾರು ಮೂವತ್ತು ವರ್ಷದ ಹಿಂದೆ, ಆಗಷ್ಟೇ ಪಿಎಚ್.ಡಿ. ಮುಗಿಸಿ ಸಾಗರಕ್ಕೆ ಬಂದಿದ್ದ ನನಗೆ ಡೆನ್ಮಾರ್ಕಿನವನನ್ನು ಮಲೆನಾಡಿಗೆ ತರುವ ಹುಮ್ಮಸ್ಸು. ಗೆದ್ದ ಆ ಒಂದೇ ನಾಟಕವನ್ನು ಕನ್ನಡಕ್ಕೆ ಮಾಡಿದೆ. ಬಂದರಿನಲ್ಲಿ ದೋಣಿಗಳ ತಪಾಸಣೆ ಮಾಡುವ ಒಬ್ಬ ಅಧಿಕಾರಿ. ಒಂದು ದೋಣಿ ಮುಳುಗುತ್ತದೆ, ಅದರಲ್ಲಿ ಅವನ ಹೆಂಡತಿಯ ತಮ್ಮನೂ ಇರುತ್ತಾನೆ. ದೋಣಿಯ ತಳ ಕೊಳೆತದ್ದು ಅಧಿಕಾರಿಗೆ ತಿಳಿದಿತ್ತೇ ಎಂಬುದು ನಾಟಕದುದ್ದಕ್ಕೂ ಗುಸುಗುಸು. ಕೊನೆಯ ದೃಶ್ಯದಲ್ಲಿ ಹೆಂಡತಿ ಎದುರು ಬಂದು ನಿಂತು ಕೇಳುತ್ತಾಳೆ: “ನಿಮಗೆ ಗೊತ್ತಿತ್ತಾ?” ಅವನು ದೀಪ ನೋಡುತ್ತ ಕೂರುತ್ತಾನೆ. ಹೊರಗೆ ಹಿಮ ಬೀಳುತ್ತದೆ. ಪರದೆ. ಆ ಮೌನವೇ ಅವನ ಇಡೀ ಸಾಹಿತ್ಯ ಜೀವನದ ಶಿಖರ ಎಂದು ಮುನ್ನುಡಿ ಹೇಳುತ್ತಿತ್ತು. ನಾನೂ ಹೇಳುತ್ತಿದ್ದೆ.

ಅಧಿಕಾರಿಯ ಪಾತ್ರಕ್ಕೆ ಸಾವ್ಕಾರ್ರನ್ನು ಹಿಡಿದು ತಂದವನು ನಾನೇ. ಸಾಗರದ ಪೇಟೆಯಲ್ಲಿ ಅವರದು ಬಟ್ಟೆ ಅಂಗಡಿ. ಆದರೆ ಸುತ್ತಮುತ್ತಲ ಊರುಗಳಲ್ಲಿ ಅವರು ಹೆಸರಾದದ್ದು ತಾಳಮದ್ದಳೆಯ ಅರ್ಥಧಾರಿಯಾಗಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಕೂತಿರುವ ಅರ್ಥಧಾರಿ ಪಂಚೆ ಶರ್ಟಿನಲ್ಲೇ ಆ ಪದ್ಯದ ರಾಜನೋ ಋಷಿಯೋ ಆಗಿ ತನ್ನದೇ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಬರೆದದ್ದು ಏನೂ ಇರುವುದಿಲ್ಲ. ಎದುರು ಕೂತವನು ಪ್ರಶ್ನೆ ಎಸೆದರೆ ಉತ್ತರ ಕೊಡಲೇಬೇಕು, ಕೊಡದಿದ್ದರೆ ಸೋತಂತೆ. ಸಾವ್ಕಾರ್ರು ಸೋತದ್ದನ್ನು ಯಾರೂ ಕಂಡವರಿರಲಿಲ್ಲ. ಮಾತು ಮುಗಿದಾಗ ಭಾಗವತರ ಕಡೆ ತೋರುಬೆರಳನ್ನು ತುಸು ಎತ್ತುವರು, ಮುಂದಿನ ಪದ್ಯ ಎತ್ತಿಕೊಳ್ಳಿ ಎಂದು. ಎದುರಾಳಿ ಸವಕಲು ಸರಕನ್ನು ಸುರಿಯತೊಡಗಿದರೂ ಅದೇ ಬೆರಳು ಏಳುತ್ತಿತ್ತು, ತಮ್ಮ ಮಾತು ಮುಗಿಯಿತೆಂದಲ್ಲ, ಅವನ ಮಾತು ಸಾಕೆಂದು. ಜನ ಬಿದ್ದು ಬಿದ್ದು ನಗುತ್ತಿದ್ದರು.

ಅಂಥವರನ್ನು ನಾನು ಸುಮ್ಮನೆ ಕೂರಲು ಕರೆದೆ.

“ಮೇಷ್ಟ್ರೆ, ಅವ್ಳು ಕೇಳ್ತಾಳೆ. ನಾನು ಎಂತ ಮಾಡೋದು?”

“ಸುಮ್ಮನೆ ಕೂರೋದು.”

“ಎಷ್ಟು ಹೊತ್ತು?”

“ಪರದೆ ಬೀಳೋವರೆಗೆ.”

“ಎಂತ ಮಾರಾಯ್ರೆ! ಪ್ರಶ್ನೆ ಕೇಳಿಸ್ಕೊಂಡು ಬಾಯಿ ಮುಚ್ಕೊಂಡು ಕೂತ್ರೆ ನಾಳೆ ಯಾವ ಮುಖ ಇಟ್ಕೊಂಡು ಅಂಗಡಿ ಬಾಗ್ಲು ತೆಗೀಲಿ?”

“ಆ ಮೌನಾನೇ ಉತ್ತರ, ಸಾವ್ಕಾರ್ರೆ. ಅದೇ ನಾಟಕದ ಜೀವ.”

“ಗಿರಾಕಿ ರೇಟು ಕೇಳಿ ಸುಮ್ನಾಗ್ತಾನಲ್ಲ, ಅಲ್ಲಿ ಮೌನ ಉತ್ತರ. ಬಾಕಿ ಕಡೆ ಎಲ್ಲ ಉತ್ತರ ಗೊತ್ತಿಲ್ದೇ ಇರೋದು.”

ಹೆಂಡತಿಯ ಪಾತ್ರ ಮಾಡುತ್ತಿದ್ದವರು ತೀರ್ಥಹಳ್ಳಿಯವರು, ಆಗ ಸಾಗರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದರು. ಅವರ ನಾಲಿಗೆ ಚುರುಕು. “ಮನೇಲಿ ಹ್ಯಾಗೆ ಸಾವ್ಕಾರ್ರೆ? ಅಕ್ಕ ಏನಾದ್ರೂ ಕೇಳಿದ್ರೆ ಉತ್ತರ ಹೇಳ್ತೀರಾ?” ಅಂದರು.

“ಮನೇಲಿ ಪದ್ಯಾನೂ ಅವಳದ್ದೇ, ಅರ್ಥಾನೂ ಅವಳದ್ದೇ. ನಾನು ಹೂಂಗುಟ್ಟೋಕೆ ಮಾತ್ರ.”

ಸಾಗರದ ಪ್ರದರ್ಶನದಲ್ಲಿ ಅವರು ಹೇಳಿದ ಹಾಗೆ ಸುಮ್ಮನಿದ್ದರು. ಬೂರುಗದ ಹತ್ತಿಯ ಹಿಮ ಬಿತ್ತು, ಪರದೆಯೂ ಬಿತ್ತು, ನಾಲ್ಕು ಜನ ಚಪ್ಪಾಳೆ ತಟ್ಟಿದರು. “ಕಡೇಲಿ ಸಾವ್ಕಾರ್ರು ಮಾತು ಮರೆತ್ರು, ಪಾಪ” ಎಂದು ಹೊರಗೆ ಯಾರೋ ಹೇಳುತ್ತಿದ್ದರು. ಹೊಸನಗರದಲ್ಲೂ ಹೆಚ್ಚುಕಡಿಮೆ ಹಾಗೇ. ಮೂರನೆಯದು ತೀರ್ಥಹಳ್ಳಿ.

ನಾನು ಪಕ್ಕದ ಪರದೆಯ ಮರೆಯಲ್ಲಿ ನಾಟಕದ ಪ್ರತಿ, ಟಾರ್ಚು ಹಿಡಿದು ನಿಂತಿದ್ದೆ. ಕೊನೆಯ ಪುಟ. ಆಕೆ ಮುಂದೆ ಬಂದು ಕೇಳಿದರು: “ನಿಮಗೆ ಗೊತ್ತಿತ್ತಾ?” ಸಾವ್ಕಾರ್ರು ದೀಪ ನೋಡಿದರು. ಪರದೆಯ ಹಗ್ಗದವನಿಗೆ ಸನ್ನೆ ಮಾಡಲು ನಾನು ಕೈಯೆತ್ತಿದೆ. ಅವರು ಬಾಯಿ ತೆರೆದರು.

ಅವರು ಹೇಳಿದ್ದು, ನನ್ನ ನೆನಪಿನ ಪ್ರಕಾರ, ಇದು: “ಗೊತ್ತಿತ್ತು. ಹಲಗೆ ಮುಟ್ಟಿ ನೋಡಿದವನು ನಾನೇ. ಹೇಳಬೇಕು ಅಂತ ಮನೆಗೆ ಬಂದೆ. ನೀನು ಒಲೆ ಮುಂದೆ ಕೂತು ಏನೋ ಹೇಳಿ ನಗ್ತಾ ಇದ್ದೆ. ಇವತ್ತೊಂದು ದಿನ ನಗಲಿ, ನಾಳೆ ಹೇಳಿದರಾಯ್ತು ಅಂದುಕೊಂಡೆ. ಮರುದಿನವೂ ನೀನು ನಕ್ಕೆ. ಸತ್ಯ ಹೇಳಿದರೆ ಮುಳುಗೋದು ನಾಳೆಯಲ್ಲ, ಈಗಲೇ. ಅದಕ್ಕೆ ಸುಮ್ಮನಿದ್ದೆ. ನನ್ನ ಮೌನ ನಿನ್ನ ಮೇಲೆ ಹೊದಿಸಿದ ಕಂಬಳಿ ಅಂತ ತಿಳಿದಿದ್ದೆ. ಅದು ನಿನ್ನ ಕಣ್ಣಿಗೆ ಕಟ್ಟಿದ ಬಟ್ಟೆ ಆಗಿತ್ತು.”

ಇನ್ನೂ ಇತ್ತು. ಹಗ್ಗದವನು ಹಗ್ಗ ಬಿಟ್ಟು ನೋಡುತ್ತ ನಿಂತಿದ್ದ. ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಪರದೆ ಬಿದ್ದ ಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ.

ಅಂದು ನಾವು ತೀರ್ಥಹಳ್ಳಿಯಲ್ಲೇ ಉಳಿದು, ಬೆಳಿಗ್ಗೆ ಮೆಟಡೋರಿನಲ್ಲಿ ಕೋಣಂದೂರು, ರಿಪ್ಪನ್‌ಪೇಟೆ ದಾರಿಯಾಗಿ ಹೊರಟೆವು. ನಾನು ಉರಿಯುತ್ತಿದ್ದೆ.

“ಡೆನ್ಮಾರ್ಕಿನವನು ಬರೆದ ಒಂದೇ ಒಂದು ಒಳ್ಳೆ ಜಾಗಾನ ನೀವು ಹಾಳು ಮಾಡಿದ್ರಿ” ಅಂದೆ.

“ಅವ್ನು ಬಂದು ಕೇಳ್ಲಿ, ಉತ್ತರ ಕೊಡ್ತೀನಿ.”

“ಸಾವ್ಕಾರ್ರೆ, ದೋಣಿ ಮುಳುಗಿದ್ದಕ್ಕೂ ನೀವು ಹೇಳಿದ್ದಕ್ಕೂ ತಾಳಮೇಳವೇ ಇಲ್ಲ. ಹೆಂಡತಿ ನಗೋದಕ್ಕೂ ದೋಣಿಗೂ ಏನು ಸಂಬಂಧ?”

ಅವರು ಕಿಟಕಿಯ ಹೊರಗೆ ನೋಡುತ್ತ ಕೂತರು. ಆನಂದಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ತಂಡದವರೆಲ್ಲ ಆ ಮಾತನ್ನು ಇನ್ನೊಮ್ಮೆ ಹೇಳಿ ಎಂದು ಗಂಟು ಬಿದ್ದರು. “ಅದು ನಿನ್ನೇದು. ಇವತ್ತು ಬರೋದಿಲ್ಲ” ಅಂದರು ಅವರು. ನಾಟಕ ಮತ್ತೆ ಆಗಲಿಲ್ಲ.

ಇದು ನನ್ನ ನೆನಪು. ಇದರಲ್ಲಿ ಸಂಶಯಕ್ಕೆ ಎಲ್ಲಿ ಜಾಗ ಎಂದರೆ, ಎಲ್ಲಾ ಕಡೆ. ಆ ಮಾತನ್ನು ನಾನು ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಹೇಳಿದ್ದೇನೆ. ಮೊದಲು ಹಾಳಾದ ದೃಶ್ಯದ ಉದಾಹರಣೆಯಾಗಿ, ಆಮೇಲಾಮೇಲೆ ಪ್ರೀತಿಯಿಂದ. ಹೇಳುವಾಗ ಎಲ್ಲಿ ಮಕ್ಕಳು ಕಣ್ಣರಳಿಸಿದರೋ ಅಲ್ಲಿ ಒಂದು ವಾಕ್ಯ ಬೆಳೆದಿರಬೇಕು. ಕಂಬಳಿ ಮತ್ತು ಕಣ್ಣಿಗೆ ಕಟ್ಟಿದ ಬಟ್ಟೆ ಸಾವ್ಕಾರ್ರ ಮಾತಿನಂತಿವೆ, ಬಟ್ಟೆ ವ್ಯಾಪಾರದವರಲ್ಲವೇ. ಆದರೆ ಬಟ್ಟೆ ವ್ಯಾಪಾರದವರ ಬಾಯಲ್ಲಿ ಬಟ್ಟೆಯ ಮಾತು ಇಡುವುದು ನನ್ನಂಥವನ ಕೆಲಸದಂತೆಯೂ ಇದೆ. ಎಲ್ಲಕ್ಕಿಂತ ಕಷ್ಟದ್ದು, ಒಲೆ ಮುಂದೆ ಹೆಂಡತಿ ನಕ್ಕದ್ದು. ಮೆಟಡೋರಿನಲ್ಲಿ ಅದರ ಬಗ್ಗೆಯೇ ಜಗಳವಾಡಿದೆ ಎಂದು ಮೇಲೆ ಬರೆದೆ. ನಿಜವಾಗಿ ಆಡಿದೆನೇ? ಅಥವಾ ಅಡಿಗೆಮನೆಯಲ್ಲಿ ಮಗಳ ಮಾತು ಕೇಳಿದ ಮೇಲೆ ಆ ನಗು ನಾಟಕದ ಮಾತು, ಮೆಟಡೋರಿನ ಜಗಳ ಎರಡೂ ಕಡೆ ಹೋಗಿ ಕೂತಿತೇ? ಹೋದ ತಿಂಗಳಿಗೆ ಮುಂಚೆ ನಾನು ಆ ವಾಕ್ಯವನ್ನು ಯಾರಿಗಾದರೂ ಹೇಳಿದ್ದೆನೇ ಎಂದು ಹಳೆಯ ವಿದ್ಯಾರ್ಥಿಗಳಿಬ್ಬರಿಗೆ ಫೋನು ಮಾಡಿದೆ. ಒಬ್ಬನಿಗೆ ಬೇಕರಿ ಮಾತ್ರ ನೆನಪಿತ್ತು. ಇನ್ನೊಬ್ಬಳು, “ಸರ್, ಡೆನ್ಮಾರ್ಕೋ ನಾರ್ವೆಯೋ?” ಎಂದಳು.

ಇನ್ನೊಂದನ್ನೂ ಹೇಳಬೇಕು. ಆ ಮೌನ ನಾಟಕಕಾರನದೇ ಅಲ್ಲ, ಮೊದಲು ಅಲ್ಲಿ ಉದ್ದ ಮಾತಿತ್ತು, ಮೊದಲ ಪ್ರದರ್ಶನದಲ್ಲಿ ನಟ ಮಾತು ಮರೆತು ಕೂತುಬಿಟ್ಟ, ಜನ ಮೆಚ್ಚಿದರು, ಆಮೇಲೆ ನಾಟಕಕಾರ ಆ ಮಾತನ್ನು ಹೊಡೆದುಹಾಕಿದ: ಹೀಗೆ ಎಲ್ಲೋ ಓದಿದ ನೆನಪು ನನಗಿದೆ. ಹುಡುಕಿದರೆ ಸಿಗುತ್ತಿಲ್ಲ. ಸಿಗಲಿಕ್ಕಿಲ್ಲ. ಇಷ್ಟು ಚೆನ್ನಾಗಿ ಹೊಂದುವ ಸಂಗತಿಗಳನ್ನು ನಾನು ಈಗ ನಂಬುವುದನ್ನು ಬಿಟ್ಟಿದ್ದೇನೆ.

ಸಾವ್ಕಾರ್ರ ಎದುರು ನಿಂತು ಪ್ರಶ್ನೆ ಕೇಳಿದವರು ಇನ್ನೂ ಇದ್ದಾರೆ, ತೀರ್ಥಹಳ್ಳಿಯಲ್ಲಿ. ಹೊಳೆಯ ದಂಡೆಗೆ ಸ್ವಲ್ಪ ದೂರದಲ್ಲಿ ಮನೆ. ಮಂಡಿ ನೋವು, ಕೋಲು ಹಿಡಿದು ನಡೆಯುತ್ತಾರೆ. ನಾಲಿಗೆಗೆ ಮಾತ್ರ ಯಾವ ನೋವೂ ತಟ್ಟಿಲ್ಲ.

“ಬನ್ನಿ ಸರ್, ಬನ್ನಿ. ಡೆನ್ಮಾರ್ಕಿನಿಂದ ಬಂದ್ರಾ, ಸಾಗರದಿಂದ್ಲಾ?”

ಕಷಾಯ ಕೊಟ್ಟು, ಕಾಲು ನೀಡಿ ಕೂತು, ನಾನು ಬಂದ ಕಾರಣ ಕೇಳಿದರು. ಸಾವ್ಕಾರ್ರ ಹೆಂಡತಿಯ ಕಾಯಿಲೆಯ ಸಂಗತಿಯನ್ನು ನಾನು ಮೊದಲು ಹೇಳಲಿಲ್ಲ. ಹೇಳಿದರೆ ಅವರ ನೆನಪೂ ಅದರ ಬಣ್ಣಕ್ಕೆ ತಿರುಗೀತು ಎಂಬ ಎಚ್ಚರ. ಆ ಸಂಜೆ ಸಾವ್ಕಾರ್ರು ಏನು ಹೇಳಿದರು ಎಂದಷ್ಟೇ ಕೇಳಿದೆ.

“ಅಯ್ಯೋ, ಅದನ್ನ ಮರೆಯೋದುಂಟಾ! ಎಂಥಾ ಚಂದ ಮಾತಾಡಿದ್ರು. ಸಮುದ್ರ ಅಂದ್ರು, ನ್ಯಾಯ ಅಂದ್ರು, ದೋಣಿ ಯಾರ್ದು, ಹಲಗೆ ಯಾರ್ದು, ಕೊಳೆಸಿದ ನೀರು ಯಾರ್ದು ಅಂದ್ರು. ನೀರಿನ ಹತ್ರ ಜಗಳ ಆಡೋಕಾಗ್ತದಾ ಅಂದ್ರು. ಪಕ್ಕಾ ತಾಳಮದ್ದಳೆ. ನಂಗೆ ಮೈಯೆಲ್ಲ ಜುಂ ಅಂತು.”

“‘ಗೊತ್ತಿತ್ತು’ ಅಂದ್ರಲ್ಲ, ಮೊದಲು?”

“ಯಾರು?”

“ಸಾವ್ಕಾರ್ರು. ನೀವು ‘ನಿಮಗೆ ಗೊತ್ತಿತ್ತಾ’ ಅಂದ್ರಿ. ಅವರು ‘ಗೊತ್ತಿತ್ತು’ ಅಂತ ಶುರು ಮಾಡಿದ್ರು.”

ಅವರು ಲೋಟ ಕೆಳಗಿಟ್ಟರು. “ಇಲ್ಲ ಸರ್. ಅದೊಂದು ಅನ್ಲಿಲ್ಲ ಅವ್ರು. ನಾನು ಎದುರಿಗೇ ನಿಂತಿದ್ದೆ, ಬಾಯಿ ನೋಡ್ತಾ ಇದ್ದೆ. ಅಲ್ಲಿ ಮಾತೇ ಇಲ್ಲ ಅಂತ ನೀವು ಹೇಳಿದ್ರಲ್ಲ, ಇವ್ರು ಶುರು ಮಾಡಿದ್ದು ನೋಡಿ ನಂಗೆ ಗಾಬ್ರಿ. ಎಲ್ಲಿ ನಿಲ್ಲಿಸ್ತಾರೋ, ನಾನು ಮತ್ತೆ ಏನಾದ್ರೂ ಹೇಳ್ಬೇಕೋ ಅಂತ ಒಂದೊಂದು ಶಬ್ದಾನೂ ಹಿಡ್ಕೊಂಡು ಕೇಳ್ತಿದ್ದೆ. ಗೊತ್ತಿತ್ತು ಅಂತಾರಾ, ಗೊತ್ತಿರ್ಲಿಲ್ಲ ಅಂತಾರಾ ಅಂತ ಕಾದೆ. ಎರಡೂ ಅನ್ಲಿಲ್ಲ. ಅದೇ ಅಲ್ವಾ ಅವ್ರ ಜಾಣತನ? ಮಾತಾಡಿದ್ರು. ಉತ್ತರ ಹೇಳ್ಲಿಲ್ಲ.”

“ಒಲೆ ಮುಂದೆ ನೀನು ನಗ್ತಾ ಇದ್ದೆ ಅಂದದ್ದು?”

“ಅದು ನೀವು ಬರೆದಿರ್ಬೇಕು ಸರ್. ನಿಮ್ಮದು ಅಂಥಾ ಸಾಲು.”

ಆಗ ಕಾಯಿಲೆಯ ಸಂಗತಿ ಹೇಳಿದೆ. ಅವರು ಪಕ್ಕದಲ್ಲಿದ್ದ ಕೋಲನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ, “ಹಂಗಾದ್ರೆ ಹೇಳಿದ್ರು ಅಂತ್ಲೇ ಇಟ್ಕೊಳ್ಳಿ” ಅಂದರು. ಮತ್ತೆ, “ನಂಗೂ ವಯಸ್ಸಾಯ್ತಲ್ಲ. ನಂದೇ ತಪ್ಪಿರ್ಬೋದು” ಅಂದರು. ಅವರು ಕರುಣೆಯಿಂದ ಅಂದದ್ದು. ಆ ಕರುಣೆಯಿಂದಲೇ ಅವರ ಮೊದಲ ಮಾತು ಇನ್ನೂ ಗಟ್ಟಿಯಾಯಿತು.

ಮೂರನೆಯ ಸಾಲಿನಲ್ಲಿ ಅವತ್ತು ಸಾವ್ಕಾರ್ರ ಹೆಂಡತಿಯ ಜೊತೆ ಕೂತಿದ್ದ ಆ ಮಾವ ತೀರಿಕೊಂಡು ಎಷ್ಟೋ ಕಾಲವಾಗಿದೆ. ಹಗ್ಗದವನು ಎಲ್ಲಿದ್ದಾನೋ ತಿಳಿಯದು. ನಾಟಕದ ಪ್ರತಿಯನ್ನು ಕಪಾಟಿನಿಂದ ತೆಗೆದು ನೋಡಿದೆ. ಕೊನೆಯ ಪುಟದಲ್ಲಿ ಇರಬೇಕಾದ್ದೇ ಇತ್ತು: ‘ಮೌನ. ಪರದೆ.’ ಡೆನ್ಮಾರ್ಕಿನವನ ಜೀವನಚರಿತ್ರೆಯಲ್ಲಿ ಆ ಖಾಲಿ ವರ್ಷಗಳ ಬಗ್ಗೆ ನಾನು ಧೈರ್ಯದಿಂದ ಎರಡು ಪುಟ ಊಹೆ ಬರೆದಿದ್ದೆ. ಕಾಯಿಲೆ, ಪ್ರೇಮ, ಮುನಿಸು, ಏನು ಬೇಕಾದರೂ ಆಗಿರಬಹುದಿತ್ತು, ಸತ್ತವನು ಬಂದು ಕೇಳುವುದಿಲ್ಲ. ಇಲ್ಲಿ ಕೇಳುವವರು ಕಿಟಕಿಯ ಪಕ್ಕ ಕೂತಿದ್ದರು.

ನಾನು ಹೋಗುವುದನ್ನು ಮುಂದೆ ಹಾಕಿದೆ. ಮಗಳು ಎರಡು ಸಲ ಫೋನು ಮಾಡಿದಳು. ಎರಡನೆಯ ಸಲ, “ಊಟ ಕಡಿಮೆ ಮಾಡಿದಾರೆ ಸರ್. ನೀವು ವಿಚಾರ್ಸಿ ಆಯ್ತಾ?” ಎಂದಳು.

ಹೊಸನಗರದಲ್ಲಿ ಅಂದು ಬಿಸಿಲು ಚುರುಗುಟ್ಟುತ್ತಿತ್ತು. ಸಾವ್ಕಾರ್ರನ್ನು ಮಂಚದ ಮೇಲೆ ಎತ್ತರದ ದಿಂಬಿಗೆ ಒರಗಿಸಿದ್ದರು. ಗೋಡೆಯ ಮೇಲಿದ್ದ ಫೋಟೊ ಈಗ ಅವರ ಮಗ್ಗುಲಲ್ಲಿತ್ತು. ನಾನು ಕುರ್ಚಿ ಎಳೆದುಕೊಂಡು ಕೂತೆ. ಅವರು ಈ ಸಲ ಫೋಟೊ ತೋರಿಸಲಿಲ್ಲ. ನೇರವಾಗಿ ಕೇಳಿದರು.

“ಹೇಳಿದ್ನಾ?”

“ಹೇಳಿದ್ರಿ, ಸಾವ್ಕಾರ್ರೆ.”

ಮಗಳು ಬಾಗಿಲಲ್ಲಿ ನಿಂತಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಏಳಬೇಕೆಂದಿದ್ದೆ. ಆದರೆ ಅವರ ಬಾಯಿ ಇನ್ನೂ ಒದ್ದಾಡುತ್ತಿತ್ತು. ಇನ್ನೊಂದು ಶಬ್ದ ಬಂತು.

“ಎಂತ?”

ಏನು ಹೇಳಿದೆ ಎಂದು ಕೇಳುತ್ತಿದ್ದರು. ಉತ್ತರ ಬಂದೊಡನೆ ಅದರ ಬುಡಕ್ಕೆ ಕೈ ಹಾಕುವುದು ಅವರ ಬದುಕಿನುದ್ದದ ಅಭ್ಯಾಸ. ಅದು ಹೋಗಿರಲಿಲ್ಲ.

ನಾನು ಹೇಳತೊಡಗಿದೆ. “ಗೊತ್ತಿತ್ತು ಅಂತ ಶುರು ಮಾಡಿದ್ರಿ. ಹಲಗೆ ಮುಟ್ಟಿ ನೋಡಿದವನು ನಾನೇ ಅಂದ್ರಿ. ಹೇಳ್ಬೇಕು ಅಂತ ಮನೆಗೆ ಬಂದೆ, ನೀನು ಒಲೆ ಮುಂದೆ ನಗ್ತಾ ಇದ್ದೆ, ಇವತ್ತೊಂದು ದಿನ ನಗಲಿ ಅಂದುಕೊಂಡೆ ಅಂದ್ರಿ.” ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದ ಮಾತು, ನಾಲಿಗೆ ತಾನಾಗಿ ಓಡಿತು. ಎಲ್ಲಿ ತಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅದಕ್ಕೆ ಗೊತ್ತಿತ್ತು. ಕಂಬಳಿಯವರೆಗೆ ಬಂದೆ.

ಅವರು ಕಣ್ಣು ಮುಚ್ಚದೆ ಕೇಳುತ್ತಿದ್ದರು, ಎದುರು ಕೂತ ಅರ್ಥಧಾರಿಯನ್ನು ಕೇಳುವಂತೆ. ಮೊದಲು ಆಸೆಯಿತ್ತು ಆ ಮುಖದಲ್ಲಿ. ಯಾವ ವಾಕ್ಯದಲ್ಲಿ ಅದು ಹೋಯಿತೋ ನಾನು ನೋಡಲಿಲ್ಲ. ‘ಕಣ್ಣಿಗೆ ಕಟ್ಟಿದ ಬಟ್ಟೆ’ ಎನ್ನುವ ಹೊತ್ತಿಗೆ ಹಾಸಿಗೆಯ ಮೇಲಿದ್ದ ಎಡಗೈ ಅಲುಗಿತು. ತೋರುಬೆರಳು ತುಸು ಎದ್ದಿತು. ಮಗಳಿಗೆ ಅದು ಏನೆಂದು ತಿಳಿಯಲಿಲ್ಲ. ನೀರು ಬೇಕೆಂದು ತಿಳಿದು ಒಳಗೆ ಹೋದಳು.

ನಾನು ಮಾತು ನಿಲ್ಲಿಸಿದೆ. ಅವರು ಮುಖವನ್ನು ಗೋಡೆಯ ಕಡೆ ಹೊರಳಿಸಿದರು, ಮುನಿಸಿನಿಂದಲ್ಲ, ದಣಿದವರಂತೆ. ಮಗಳು ಚಮಚದಲ್ಲಿ ನೀರು ಹಾಕಿದಳು. ನುಂಗಿದರು.

ಮೆಟ್ಟಿಲಿಳಿದು ಬರುವಾಗ ಅವಳು ಹಿಂದೆಯೇ ಬಂದಳು. “ನೀವು ಬಂದಿದ್ದು ಬಹಳ ಒಳ್ಳೇದಾಯ್ತು ಸರ್. ಇನ್ನು ಕೇಳೋದಿಲ್ಲ ಅನ್ಸುತ್ತೆ ಅಪ್ಪ.”

“ಇಲ್ಲ, ಇನ್ನು ಕೇಳೋದಿಲ್ಲ” ಅಂದೆ.

ಅವರು ಮತ್ತೆ ಕೇಳಲಿಲ್ಲವಂತೆ. ಮುಂದಿನ ಹದಿನೈದು ದಿನದೊಳಗೆ ಅವಳೇ ಫೋನು ಮಾಡಿ ಸುದ್ದಿ ತಿಳಿಸಿದಳು. “ಸಮಾಧಾನದಿಂದ ಹೋದ್ರು ಸರ್, ನಿಮ್ಮಿಂದ” ಅಂದಳು. ನಾನು ಉತ್ತರ ಹೇಳಲಿಲ್ಲ. ಆ ಕಡೆಯಿಂದ ಅವಳು ಹಲೋ ಹಲೋ ಅನ್ನುತ್ತಿದ್ದಳು.

ಡೆನ್ಮಾರ್ಕಿನವನ ಪುಸ್ತಕ ಮೇಜಿನ ಮೇಲಿದೆ. ಬೇಕರಿಯನ್ನು ತೆಗೆದಿದ್ದೇನೆ, ಖಾಲಿ ವರ್ಷಗಳ ಮೇಲಿನ ಎರಡು ಪುಟವನ್ನೂ ತೆಗೆದಿದ್ದೇನೆ. ಉಳಿದದ್ದು ಮುನ್ನುಡಿಕಾರ ಬರೆದಷ್ಟೇ. ಅದನ್ನು ಕನ್ನಡದಲ್ಲಿ ಯಾಕೆ ಮತ್ತೆ ಬರೆಯಬೇಕೋ ತಿಳಿಯದೆ, ಗೆದ್ದ ನಾಟಕದ ಅಧ್ಯಾಯದಲ್ಲಿ, ‘ಮೌನ. ಪರದೆ.’ ಎಂಬಲ್ಲಿಗೆ ಬಂದು ನಿಂತಿದ್ದೇನೆ.